ಕಲೆ ಹೋದ ಬೆಟ್ಟ

ಮಗಳು ಅಮ್ಮನ ಮಂಚದ ಕೆಳಗೆ ಸೊಂಟದ ತನಕ ತೂರಿಕೊಂಡು ತಡಕಾಡುತ್ತಿದ್ದಳು. ಬಾಗಿಲಲ್ಲಿ ಫ್ರೇಮಿನವನು ಖಾಲಿ ಫ್ರೇಮನ್ನು ಎದೆಗೊತ್ತಿಕೊಂಡು ನಿಂತಿದ್ದ.

“ಟೈಮಾಯ್ತು ಮೇಡಂ, ಮೊಳೆ ಹೊಡೆಯೋಕೇ ಅರ್ಧ ಗಂಟೆ ಬೇಕು.”

ಅಮ್ಮನನ್ನು ಮಣ್ಣು ಮಾಡಲು ಮೂರು ಗಂಟೆಗೆ ಹೊರಡಬೇಕಿತ್ತು. ಅದಕ್ಕೆ ಮೊದಲು ಅವಳು ಬಟ್ಟೆಯ ಮೇಲೆ ಹೊಲಿದ ಕೊನೆಯ ಬೆಟ್ಟದ ಚಿತ್ರ ನಡುಮನೆಯ ಗೋಡೆಯ ಮೇಲಿರಬೇಕು, ಬಂದವರೆಲ್ಲ ನೋಡಬೇಕು. ಆಸ್ಪತ್ರೆಯಲ್ಲಿ ಅಮ್ಮ ಕೇಳಿದ್ದು ಅಷ್ಟೇ: “ಒಂದಾದ್ರೂ ನಾನು ಮಾಡಿದ ಹಾಗೇ ಇರ್ಲಿ ಕಣೇ.”

“ಏನು ಹುಡುಕ್ತಿದೀಯ?” ಅತ್ತೆ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು. “ಆ ಬೆಟ್ಟದ ಬಟ್ಟೆನಾ? ಹಿತ್ತಲಲ್ಲಿ ಒಣಗ್ತಿದೆ. ಏನು ಕೊಳೆ ಅಂತೀಯ, ಮೂರು ನೀರು ಹಾಕಿದೆ. ನಾಲ್ಕು ಜನ ನೋಡೋದಲ್ವಾ.”

ಮಗಳು ಮಂಚದ ಕೆಳಗೇ ಇದ್ದಳು. ಹೊರಗೆ ಬರಲು ಅವಳಿಗೆ ಮನಸ್ಸಾಗಲಿಲ್ಲ.

*

ಅತ್ತೆ ಅಪ್ಪನ ಅಕ್ಕ. ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಮೂವತ್ತು ವರ್ಷ ದುಡಿದು ಬಂದವಳು. ಅಮ್ಮ ಕರ್ಟನ್ ಅಂಗಡಿಯಲ್ಲಿ ಹೊಲಿಯುತ್ತಿದ್ದಳು. ಅಲ್ಲಿ ಉಳಿದ ಚೂರುಗಳನ್ನು ಚೀಲ ತುಂಬಿಕೊಂಡು ಬಂದು, ಮನೆಯ ಹಳೆ ಬಟ್ಟೆಗಳ ಜೊತೆ ಸೇರಿಸಿ, ಕಂಬಳಿಯಲ್ಲಿ ಗುಡ್ಡ, ಹರಿದ ಸ್ವೆಟರಿನಲ್ಲಿ ಪಾಚಿ, ಗೋಣಿಯ ನಾರಿನಲ್ಲಿ ಮರದ ತೊಗಟೆ ಮಾಡುತ್ತಿದ್ದಳು. ಹುಲ್ಲಿಗಾಗಿ ದಾರದ ತುದಿಗಳನ್ನು ಹಾಗೇ ಬಿಡುತ್ತಿದ್ದಳು. ಅತ್ತೆ ಒಮ್ಮೆ ಆ ಹುಲ್ಲನ್ನೆಲ್ಲ ಕತ್ತರಿಸಿ ನೀಟು ಮಾಡಿದ್ದಳು. ಅಮ್ಮ ಮತ್ತೆ ಮೊದಲಿನಿಂದ ಹೊಲಿದಳು.

ಇನ್ನೊಮ್ಮೆ, ಚಹಾ ಸವರಿ ಮಾಡಿದ್ದ ಮಂಜನ್ನು ಅತ್ತೆ ಸೋಪು ಹಾಕಿ ತೆಗೆದಾಗ, ಅಮ್ಮ ಇದ್ದ ಧೈರ್ಯವನ್ನೆಲ್ಲ ಒಟ್ಟು ಮಾಡಿ ಹೇಳಿದ್ದಳು: “ಅತ್ತಿಗೆ, ಅದು ಕಲೆ.”

“ಕಲೆನೇ ಮತ್ತೆ. ಅದಕ್ಕೇ ಒಗೆದೆ,” ಎಂದಳು ಅತ್ತೆ.

ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಆ ವಿಷಯ ಎತ್ತಲೇ ಇಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಇಂಥ ಅತ್ತಿಗೆಯ ಜೊತೆ ಒಂದೇ ಮನೆಯಲ್ಲಿ ಬಾಳಿದವರಲ್ಲ.

*

ಹಿತ್ತಲ ತಂತಿಯ ಮೇಲೆ ಬೆಟ್ಟ ನೀರು ಸುರಿಸುತ್ತಿತ್ತು. ಕಂಬಳಿಯ ಗುಡ್ಡ ಮುದುಡಿ ಮುಷ್ಟಿಯಾಗಿತ್ತು. ಅಂಟು ಬೆರೆಸಿದ ಮಣ್ಣಿನಿಂದ ಬಳಿದಿದ್ದ ದಾರಿ ಪೂರ್ತಿ ಹೋಗಿತ್ತು. ಫ್ರೇಮಿನವನು ಟೇಪು ಹಿಡಿದು, “ಎರಡು ಇಂಚು ಕುಗ್ಗಿದೆ, ಇದಕ್ಕೆ ನನ್ನ ಫ್ರೇಮು ಆಗಲ್ಲ,” ಎಂದು ಮೆಲ್ಲಗೆ ಜಾಗ ಖಾಲಿ ಮಾಡಿದ.

“ಅತ್ತೆ, ಅದು ಕೊಳೆ ಅಲ್ಲ. ಅದೇ ಚಿತ್ರ,” ಎಂದಳು ಮಗಳು. “ಅಮ್ಮನ ಎರಡು ವರ್ಷದ ಕೆಲಸ ನೀವು ಬಕೆಟಲ್ಲಿ ಚೆಲ್ಲಿಬಿಟ್ರಿ.”

“ನಂಗೇನು ಕನಸು ಬಿದ್ದಿತ್ತಾ? ಬೇಡ ಅಂತ ಅವಳು ಒಂದು ದಿನ ಬಾಯಿ ಬಿಟ್ಟು ಹೇಳಿದ್ರೆ ನಾನ್ಯಾಕೆ ಮುಟ್ತಿದ್ದೆ?”

ಮಾತು ನಿಜವಾಗಿತ್ತು. ಒಳಗೆ ಪೆಟ್ಟಿಗೆಯಲ್ಲಿ ತಣ್ಣಗೆ ಮಲಗಿದ್ದ ಅಮ್ಮನ ಮೇಲೂ ಮಗಳಿಗೆ ಸಿಟ್ಟು ಬಂತು.

ಮಣ್ಣು ಹೋದ ಜಾಗದಲ್ಲಿ ಪೆನ್ಸಿಲ್ ಗೀರುಗಳು ಕಾಣುತ್ತಿದ್ದವು. ಅಮ್ಮ ಹೊಲಿಯುವ ಮೊದಲು ತನಗೆಂದೇ ಬರೆದುಕೊಂಡಿದ್ದ ಗುರುತುಗಳವು. ಅತ್ತೆ ಕನ್ನಡಕ ಏರಿಸಿಕೊಂಡು ಓದಿದಳು.

“‘ಇಲ್ಲಿ ದಾರಿ, ಮಣ್ಣು ದಪ್ಪಗೆ. ಇಲ್ಲಿ ಚಹಾ, ಎರಡು ಸಲ. ಇದನ್ನು ಒಗೆಯಬಾರದು. ಅತ್ತಿಗೆಗೆ...’”

ಅಲ್ಲಿಗೆ ನಿಲ್ಲಿಸಿದಳು. ಉಳಿದದ್ದನ್ನು ಮಗಳು ಮನಸ್ಸಿನಲ್ಲೇ ಓದಿಕೊಂಡಳು: ‘ಬಿಡಿಸಿ ಹೇಳಬೇಕು.’

ಅತ್ತೆ ಬಟ್ಟೆಯನ್ನು ತಂತಿಯಿಂದ ತೆಗೆದು ಟವೆಲ್ಲಿನಲ್ಲಿ ಸುತ್ತಿದಳು. ಸ್ಮಶಾನಕ್ಕೆ ಹೊರಟ ವ್ಯಾನಿನಲ್ಲೂ ಅದನ್ನು ತೊಡೆಯಿಂದ ಇಳಿಸಲಿಲ್ಲ. ಕೇಳಿದವರಿಗೆ, “ಒದ್ದೆ ಬಟ್ಟೆ ಮನೇಲಿ ಬಿಟ್ರೆ ವಾಸನೆ ಬರತ್ತೆ,” ಎಂದಳು.

*

ಕರ್ಟನ್ ಅಂಗಡಿಯ ಹೆಂಗಸರು ಒಬ್ಬೊಬ್ಬರಾಗಿ ಗುಂಡಿಗೆ ಹಿಡಿ ಮಣ್ಣು ಹಾಕಿ ಸರಿದರು. ಅವರಲ್ಲಿ ಒಬ್ಬಳು ಮಗಳ ಭುಜ ಮುಟ್ಟಿ, “ಅದೇನೋ ಬೆಟ್ಟ ಹೊಲೀತಿದ್ಲಂತಲ್ಲ, ನಾವು ನೋಡ್ಲೇ ಇಲ್ಲ,” ಎಂದಳು. ಮಗಳು ಅತ್ತೆಯ ಕಂಕುಳಲ್ಲಿದ್ದ ಟವೆಲ್ಲಿನ ಸುರುಳಿಯನ್ನು ನೋಡಿದಳು.

ಅತ್ತೆ ತನ್ನ ಹಿಡಿಯಲ್ಲಿದ್ದ ಮಣ್ಣಿನಲ್ಲಿ ಅರ್ಧವನ್ನಷ್ಟೇ ಗುಂಡಿಗೆ ಹಾಕಿದಳು. ಉಳಿದದ್ದನ್ನು ಹಿಡಿದುಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಟವೆಲ್ಲು ಬಿಚ್ಚಿ, ಬೆಟ್ಟವನ್ನು ಮಂಡಿಯ ಮೇಲೆ ಹರಡಿದಳು. ಮಣ್ಣನ್ನು ಹೆಬ್ಬೆರಳಿನಿಂದ ಬಟ್ಟೆಗೆ ಒತ್ತಿ ಒತ್ತಿ ತಿಕ್ಕಿದಳು. ಬೆಟ್ಟದ ಮೇಲ್ಗಡೆ, ನೀಲಿಯ ನಟ್ಟನಡುವೆ.

ಅಮ್ಮನಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದಳು. ಮಗಳು ಪಕ್ಕದಲ್ಲಿ ಕೂತಳು.

“ಅಲ್ಲಲ್ಲ ಅತ್ತೆ, ಅದು ಆಕಾಶ. ದಾರಿ ಕೆಳಗಿದೆ.”

“ಅಯ್ಯೋ, ಮೊದ್ಲೇ ಹೇಳೋದಲ್ವಾ,” ಎಂದ ಅತ್ತೆ ಟವೆಲ್ಲಿನ ತುದಿಗೆ ಉಗುಳು ಹಚ್ಚಿ ಆಕಾಶವನ್ನು ಉಜ್ಜತೊಡಗಿದಳು. ಉಜ್ಜಿದಷ್ಟೂ ಮಣ್ಣು ಹರಡಿತು.

“ಸಾಕು, ಬಿಡಿ,” ಎಂದು ಮಗಳು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅತ್ತೆಯ ಬೆರಳು ಎದ್ದ ಕಡೆ, ಕುಗ್ಗಿದ ಗುಡ್ಡದ ನೆತ್ತಿಯ ಮೇಲೆ, ಅಂಗೈಯಗಲದ ಕಂದು ಮೋಡವೊಂದು ನಿಂತಿತ್ತು.