ಅಲ್ಲಗಳೆಯಲಾಗದ ವಾಕ್ಯ

ಮಾರ್ಚ್ ಮೂರನೆಯ ತಾರೀಖು, ಮಂಗಳವಾರ. ಬೆಳಗಿನ ಎಣಿಕೆಯಲ್ಲಿ ವಸ್ತುಸಂಗ್ರಹಾಲಯದ ಎರಡನೆಯ ಮಹಡಿಯಲ್ಲಿದ್ದದ್ದು ನೂರ ತೊಂಬತ್ತನಾಲ್ಕು ಗಾಜಿನ ಪೆಟ್ಟಿಗೆ, ಹನ್ನೊಂದು ಮರದ ಕುರ್ಚಿ, ಕುರ್ಚಿಗೊಬ್ಬರಂತೆ ಹನ್ನೊಂದು ಮಂದಿ ಕಾವಲಿನವರು. ಸಂಜೆ ನಾಲ್ಕಕ್ಕೆ ಬಂದ ಸುತ್ತೋಲೆ ಪೆಟ್ಟಿಗೆಗಳ ತಂಟೆಗೆ ಹೋಗಿರಲಿಲ್ಲ. ಜೂನ್ ಮೂವತ್ತಕ್ಕೆ ಕುರ್ಚಿಗಳನ್ನು ತೆಗೆದು ಕ್ಯಾಮೆರಾಗಳನ್ನು ಕೂರಿಸಲಾಗುವುದು, ಕಾವಲಿನವರಲ್ಲಿ ಪರೀಕ್ಷೆ ಪಾಸಾದವರನ್ನು ವಿವರಣೆಗಾರರೆಂದು ಉಳಿಸಿಕೊಳ್ಳಲಾಗುವುದು, ಮಿಕ್ಕವರ ಸೇವೆಗೆ ಕೃತಜ್ಞತೆಗಳು ಎಂದು ಅದರಲ್ಲಿತ್ತು.

ಪ್ರಶ್ನೆಯನ್ನೂ ಸುತ್ತೋಲೆಯಲ್ಲೇ ಕೊಟ್ಟಿದ್ದರು. ಈ ಮಹಡಿಯ ಎರಡು ಪ್ರಾಚೀನ ಸಾಮ್ರಾಜ್ಯಗಳಾದ ರೋಮ್ ಮತ್ತು ಚೀನಾದ ಹಾನ್‌ಗಳನ್ನು ಹೋಲಿಸಿ ಪ್ರಬಂಧ ಬರೆಯಬೇಕು. ಪ್ರಬಂಧದ ತಲೆಯಲ್ಲಿ ತಮ್ಮ ವಾದವನ್ನು ಒಂದೇ ವಾಕ್ಯದಲ್ಲಿ ಹೇಳಬೇಕು. ಆ ವಾದವಾಕ್ಯ ಬಲವಾಗಿರಬೇಕು. ವಾಕ್ಯಕ್ಕೆ ನಲವತ್ತು ಅಂಕ, ಅದರ ಕೆಳಗಿನ ಪ್ರಬಂಧಕ್ಕೆ ಅರವತ್ತು. ಪಾಸಾಗಲು ಒಟ್ಟು ಅರವತ್ತು. ಏಪ್ರಿಲ್ ಹನ್ನೆರಡರಂದು, ಒಂದೇ ಸಲ.

"ಒಂದು ವಾಕ್ಯಕ್ಕೆ ನಲವತ್ತಾ!" ಎಂದು ಏಳನೆಯ ಕುರ್ಚಿಯವನು ಕಣ್ಣುಜ್ಜಿಕೊಂಡ. ಅವನನ್ನು ಎಲ್ಲರೂ ಗೊರಕೆಯಣ್ಣ ಎನ್ನುತ್ತಿದ್ದರು. "ನನ್ ಹೆಂಡ್ತಿ ದಿನಕ್ಕೆ ನೂರು ವಾಕ್ಯ ಬಿಡ್ತಾಳೆ, ಒಂದಕ್ಕೂ ಎದುರು ಹೇಳೋಕೆ ಆಗಲ್ಲ. ಅವಳನ್ನೇ ಪರೀಕ್ಷೆಗೆ ಕೂರಿಸಿಬಿಡ್ತೀನಿ. ನೀವೇನು ಮಾಡ್ತೀರಿ ಕುರ್ಚಿಯಕ್ಕ?"

ಕುರ್ಚಿಯಕ್ಕ ನಗಲಿಲ್ಲ. ಆರನೆಯ ಕುರ್ಚಿ ಅವಳದು. ರೋಮಿನ ಕೋಣೆಗೂ ಹಾನ್ ಕೋಣೆಗೂ ನಡುವಿನ ಬಾಗಿಲಲ್ಲಿ ಅದರ ಮೇಲೆ ಕೂತು ಇಪ್ಪತ್ತೆರಡು ವರ್ಷವಾಗಿತ್ತು. ಪಿಂಚಣಿಗೆ ಇಪ್ಪತ್ತೈದು ತುಂಬಬೇಕು. ವಯಸ್ಸು ಐವತ್ತೊಂದು, ಬಾಡಿಗೆಗೆ ಒಂದೇ ಕೋಣೆ, ಗಂಡ ತೀರಿಹೋಗಿ ಒಂಬತ್ತು ವರ್ಷ. ಇಷ್ಟನ್ನು ಕೂಡಿ ಕಳೆದು ನೋಡಲು ಅವಳಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮೂರು ವರ್ಷ ಕಮ್ಮಿ ಬೀಳುತ್ತಿತ್ತು. ಆ ಮೂರು ವರ್ಷ ಈಗ ಒಂದು ವಾಕ್ಯದ ಮೇಲೆ ನಿಂತಿತ್ತು.

ಆದರೂ ಅವಳು ಎದೆಗುಂದಲಿಲ್ಲ. ಪುಸ್ತಕ ಓದಿದವಳಲ್ಲದಿದ್ದರೂ ಆ ಎರಡು ಕೋಣೆಗಳನ್ನು ಅವಳಷ್ಟು ನೋಡಿದವರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. ಎಡಗಡೆ ರೋಮಿನ ಇಟ್ಟಿಗೆಗಳ ಮೇಲೆ ಮಣ್ಣು ತೆಗೆದ ಜಮೀನಿನ ಒಡೆಯನ ಮುದ್ರೆಯಿತ್ತು. ನೀರಿನ ಸೀಸದ ಕೊಳವೆಯ ಮೇಲೆ ಚಕ್ರವರ್ತಿಯ ಹೆಸರಿತ್ತು. ಬಲಗಡೆ ಹಾನ್ ಕಾಲದ ಅರಗು ಬಳಿದ ಬಟ್ಟಲಿನ ಅಂಚಿನಲ್ಲಿ ಇರುವೆ ಸಾಲಿನಂಥ ಅಕ್ಷರಗಳು. ಮರ ಕಡೆದವನು ಇಂಥವನು, ಅರಗು ಬಳಿದವನು ಇಂಥವನು, ಬಣ್ಣ ಹಾಕಿದವನು, ಉಜ್ಜಿದವನು, ಇವರೆಲ್ಲರ ಮೇಲೆ ಕಣ್ಣಿಟ್ಟ ಅಧಿಕಾರಿ ಇಂಥವನು ಎಂದು ಪಕ್ಕದ ಫಲಕ ಹೇಳುತ್ತಿತ್ತು. ಒಂದು ಬಟ್ಟಲಿಗೆ ಅಷ್ಟು ಹೆಸರು ಯಾತಕ್ಕೆ ಎಂದು ಅವಳು ಮೊದಲ ವರ್ಷವೇ ಯೋಚಿಸಿದ್ದಳು. ಬಟ್ಟಲು ಬಿರುಕು ಬಿಟ್ಟರೆ ಯಾರ ಕತ್ತು ಹಿಡಿಯಬೇಕೆಂದು ತಿಳಿಯಲಿಕ್ಕೆ ಎಂಬ ಉತ್ತರ ಅವಳಿಗೆ ಹೊಳೆದದ್ದು ಐದನೆಯ ವರ್ಷ, ಒಡೆದ ಗಾಜೊಂದಕ್ಕಾಗಿ ಅವಳ ಹೆಸರನ್ನು ಕಚೇರಿಯ ಪುಸ್ತಕದಲ್ಲಿ ಬರೆದುಕೊಂಡ ದಿನ.

ಎರಡು ವಾರ ತಿದ್ದಿ ತೀಡಿ ಅವಳು ಬರೆದ ವಾಕ್ಯ ಹೀಗಿತ್ತು: 'ರೋಮ್ ವಸ್ತುವಿನ ಮೇಲೆ ಒಡೆಯನ ಹೆಸರನ್ನು ಬರೆಸಿದ್ದು ಕೀರ್ತಿಗಾಗಿ, ಹಾನ್ ಕೆಲಸಗಾರನ ಹೆಸರನ್ನು ಬರೆಸಿದ್ದು ತಪ್ಪು ಹಿಡಿಯುವುದಕ್ಕಾಗಿ, ಆದ್ದರಿಂದ ಮೊದಲನೆಯದು ಜನರ ಆಸೆಯ ಬಲದಿಂದ ನಡೆಯಿತು, ಎರಡನೆಯದು ಜನರ ಅಂಜಿಕೆಯ ಬಲದಿಂದ.'

ಅದನ್ನು ಅವಳು ಒಪ್ಪಿಸಿದ್ದು ಅಣ್ಣನಿಗೆ.

ಅಣ್ಣ ಮೂವತ್ತೇಳು ವರ್ಷ ಪ್ರೌಢಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತನಾದವನು. ಅಪ್ಪ ತೀರಿಕೊಂಡಾಗ ಅವನಿಗೆ ಇಪ್ಪತ್ತಮೂರು, ಅವಳಿಗೆ ಒಂಬತ್ತು. ಗಣಿತದಲ್ಲಿ ಮುಂದೆ ಓದಲು ಅವನಿಗೆ ಸೀಟು ಸಿಕ್ಕಿತ್ತು, ಪೆಟ್ಟಿಗೆಯೂ ಕಟ್ಟಿಯಾಗಿತ್ತು. ಅವನು ಪೆಟ್ಟಿಗೆ ಬಿಚ್ಚಿ ಮೇಷ್ಟ್ರ ಕೆಲಸಕ್ಕೆ ಸೇರಿದ. ಅವಳನ್ನು ಹತ್ತನೆಯ ತರಗತಿಯವರೆಗೆ ಓದಿಸಿ ಮದುವೆ ಮಾಡಿದ. ಆ ಸೀಟಿನ ಮಾತನ್ನು ಅವನು ಒಂದು ದಿನವೂ ಎತ್ತಿದವನಲ್ಲ. ಎತ್ತಿದ್ದರೆ ಅವಳಿಗೆ ಹಗುರವಾಗುತ್ತಿತ್ತೋ ಏನೋ.

ಭಾನುವಾರ ಅಣ್ಣ ಕನ್ನಡಕ ಏರಿಸಿ ಕಾಗದವನ್ನು ಎರಡು ಸಲ ಓದಿದ.

"ಪುಟ್ಟೀ, ಬಲವಾದ ವಾಕ್ಯ ಅಂದ್ರೆ ಏನು?"

"ಗಟ್ಟಿಯಾಗಿ ಹೇಳೋದು."

"ಗಟ್ಟಿಯಾಗಿ ಕೂಗೋದಲ್ಲ. ಯಾರೂ ಬೀಳಿಸೋಕೆ ಆಗದೇ ಇರೋದು. ತ್ರಿಕೋನದ ಮೂರು ಕೋನ ಕೂಡಿದ್ರೆ ನೂರ ಎಂಬತ್ತು. ಯಾರಾದ್ರೂ ಅಲ್ಲ ಅನ್ನಲಿ ನೋಡೋಣ."

ಒಳಗಿನಿಂದ ಅತ್ತಿಗೆ ದನಿ ಎತ್ತರಿಸಿದಳು. "ಊಟಕ್ಕೆ ಬನ್ನಿ ಅಂತ ಮೂರು ಸಲ ಕರೆದೆ. ಅದನ್ನೂ ಸಾಬೀತು ಮಾಡ್ಬೇಕಾ?"

"ಬಂದೆ, ಬಂದೆ. ಪುಟ್ಟೀ, ಬುಧವಾರ ನಾನೇ ಬಂದು ನೋಡ್ತೀನಿ. ನಿನ್ನ ವಾಕ್ಯಕ್ಕೆ ಒಂದೇ ಒಂದು ವಿರೋಧ ಸಿಕ್ಕಿದ್ರೂ ಅದು ಸತ್ತ ಹಾಗೆ, ತಿಳಕೊ."

ಬುಧವಾರ ಅವನು ಟಿಕೆಟ್ ಕೊಂಡೇ ಒಳಗೆ ಬಂದ. ತಂಗಿಯ ಹೆಸರು ಹೇಳಿ ಪುಕ್ಕಟೆ ನುಗ್ಗುವ ಜಾತಿಯವನಲ್ಲ ಅವನು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವನಂತೆ ಒಂದೊಂದೇ ಪೆಟ್ಟಿಗೆಯ ಮುಂದೆ ಬಗ್ಗಿದ. ಒಂದು ಗಂಟೆ ಇಪ್ಪತ್ತು ನಿಮಿಷದ ಮೇಲೆ ಅರವತ್ತೊಂದನೆಯ ಪೆಟ್ಟಿಗೆಯ ಹತ್ತಿರದಿಂದ ಬೆರಳಾಡಿಸಿ ಕರೆದ.

"ಇದೇನು?"

"ಮಣ್ಣಿನ ದೀಪ. ರೋಮಿನದು."

"ತಳದಲ್ಲಿ?"

ದೀಪವನ್ನು ಮಗುಚಿ ಇಟ್ಟಿದ್ದರು. ತಳದಲ್ಲಿ ಅದನ್ನು ಮಾಡಿದ ಕುಂಬಾರನ ಹೆಸರು ಅಚ್ಚೊತ್ತಿತ್ತು. ಅವಳು ಅದನ್ನು ಇಪ್ಪತ್ತೆರಡು ವರ್ಷದಿಂದ ಬಲ್ಲಳು.

"ಕೆಲಸಗಾರನ ಹೆಸರು. ರೋಮಿನ ಕೋಣೆಯಲ್ಲಿ!" ಎಂದ ಅಣ್ಣ. ಅವನ ದನಿಯಲ್ಲಿ ಗೆದ್ದ ಹಿಗ್ಗಿರಲಿಲ್ಲ, ಹುಡುಗಿಯನ್ನು ಗುಂಡಿಗೆ ಬೀಳದಂತೆ ಎಳೆದುಕೊಂಡವನ ನಿಟ್ಟುಸಿರಿತ್ತು. "ಪರೀಕ್ಷಕರಿಗೆ ಇದು ಕಾಣ್ಸಲ್ಲ ಅಂದ್ಕೊಂಡ್ಯಾ? ಮುಗೀತು. ನಿನ್ನ ಪ್ರಮೇಯ ಸತ್ತೋಯ್ತು."

"ಆದ್ರೆ ಅಣ್ಣ, ಅದು ಅಂಗಡಿಯವನು ವ್ಯಾಪಾರಕ್ಕೆ ಹಾಕಿಕೊಂಡ ಹೆಸರು. ಅದೂ ಕೀರ್ತಿಗೇ ತಾನೆ? ಇದರ ಬಗ್ಗೆ ಜಗಳ ಆಡ್ಬಹುದು. ನಾನು ಆಡ್ತೀನಿ."

"ಜಗಳಕ್ಕೆ ಜಾಗ ಇದ್ದಮೇಲೆ ಅದೆಂಥ ಬಲ? ನಿನಗೆ ಒಂದೇ ಅವಕಾಶ ಇರೋದು, ಪುಟ್ಟೀ. ಜೂಜಾಡೋ ವಯಸ್ಸಾ ಇದು?"

ಅವಳ ಕುರ್ಚಿಯ ಪಕ್ಕದ ಗೋಡೆಗೆ ಕಾಗದ ಆನಿಸಿ, ಅವಳ ವಾಕ್ಯದ ಮೇಲೆ ಉದ್ದಕ್ಕೂ ಒಂದು ನೇರವಾದ ಗೀಟು ಎಳೆದ. ಅದರ ಕೆಳಗೆ ತನ್ನ ದುಂಡು ಅಕ್ಷರಗಳಲ್ಲಿ ಬರೆದ: 'ರೋಮ್ ಮತ್ತು ಹಾನ್ ಎರಡೂ ವಿಶಾಲವಾದ ಸಾಮ್ರಾಜ್ಯಗಳು, ಎರಡರಲ್ಲೂ ಚಕ್ರವರ್ತಿಗಳು, ಸೈನ್ಯ, ರಸ್ತೆಗಳು ಮತ್ತು ತೆರಿಗೆಗಳು ಇದ್ದವು, ಅವುಗಳ ನಡುವೆ ಕೆಲವು ಸಾಮ್ಯಗಳೂ ಕೆಲವು ವ್ಯತ್ಯಾಸಗಳೂ ಇವೆ.'

"ಈಗ ಇದರಲ್ಲಿ ಒಂದು ತಪ್ಪು ತೋರಿಸು."

ಅವಳು ತಪ್ಪು ಹುಡುಕಿದಳು. ಒಂದೂ ಇರಲಿಲ್ಲ. ಬೋಳು ಗೋಡೆಯಲ್ಲಿ ಬಾಗಿಲು ಹುಡುಕಿದ ಹಾಗಾಯಿತು. ಇದನ್ನು ಹೇಳಲು ಎರಡು ಕೋಣೆಗಳ ನಡುವೆ ಇಪ್ಪತ್ತೆರಡು ವರ್ಷ ಕೂರಬೇಕಾಗಿರಲಿಲ್ಲವಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಬಿಸಿಲಲ್ಲಿ ಎರಡು ಬಸ್ಸು ಬದಲಿಸಿ ಬಂದ ಅರವತ್ತೈದರ ಅಣ್ಣ ಮಂಡಿ ನೀವಿಕೊಳ್ಳುತ್ತಿದ್ದ. ಅವಳು ಮಾತನ್ನು ನುಂಗಿಕೊಂಡಳು.

ಏಪ್ರಿಲ್ ಹನ್ನೆರಡರಂದು ಹನ್ನೊಂದು ಮಂದಿಯೂ ನೆಲಮಹಡಿಯ ಸಭಾಂಗಣದಲ್ಲಿ ಕೂತರು. ಉತ್ತರಪತ್ರಿಕೆಯ ಮೊದಲ ಪುಟದ ತಲೆಯಲ್ಲಿ, ವಾದವಾಕ್ಯಕ್ಕೆಂದು, ಗೆರೆ ಹಾಕಿದ ಒಂದು ಚೌಕವಿತ್ತು. ಕುರ್ಚಿಯಕ್ಕ ಕರಡು ಹಾಳೆಯ ಮೇಲೆ ಮೊದಲು ತನ್ನದನ್ನು ಬರೆದುಕೊಂಡಳು. ಅದರ ಕೆಳಗೆ ಅಣ್ಣನದನ್ನು. ತನ್ನದು ಸರಿ ಎಂದು ಅವಳಿಗೆ ಗೊತ್ತಿತ್ತು. ಹೇಗೆ ಸರಿ ಎಂದು ಅಣ್ಣನಿಗೆ ತೋರಿಸಿಕೊಡುವ ವಿದ್ಯೆ ಗೊತ್ತಿರಲಿಲ್ಲ. ತನ್ನದನ್ನೇ ಬರೆದು ಪಾಸಾದರೆ ಅವನ ಮಾತನ್ನು ತಳ್ಳಿ ಗೆದ್ದಂತೆ. ಬರೆದು ಸೋತರೆ ಅವನ ಮುಖ ನೋಡುವಂತಿಲ್ಲ. ಹದಿನೈದು ನಿಮಿಷ ಪೆನ್ನು ಹಿಡಿದೇ ಕೂತಳು. ಆಮೇಲೆ ಅಣ್ಣನ ವಾಕ್ಯವನ್ನು ಒಂದಕ್ಷರ ಬಿಡದೆ ಚೌಕದಲ್ಲಿ ಬರೆದಳು. ಇಟ್ಟಿಗೆ, ಕೊಳವೆ, ಬಟ್ಟಲು, ದೀಪ ಇವನ್ನೆಲ್ಲ ನಾಲ್ಕನೆಯ ಪುಟದಲ್ಲಿ ಉದಾಹರಣೆಗಳ ನಡುವೆ ತುರುಕಿದಳು.

ಮೇ ಇಪ್ಪತ್ತಕ್ಕೆ ಫಲಿತಾಂಶ ಗೋಡೆಗೆ ಬಂತು. ಪಾಸಾದವರು ನಾಲ್ವರು. ಗೊರಕೆಯಣ್ಣನಿಗೆ ಅರವತ್ತೊಂದು. ಕುರ್ಚಿಯಕ್ಕನಿಗೆ ಐವತ್ತೈದು.

"ನಾನು ಅರ್ಧ ನಿದ್ದೇಲಿ ಬರೆದೆ ಅಕ್ಕ," ಎಂದು ಗೊರಕೆಯಣ್ಣ ತಪ್ಪು ಮಾಡಿದವನಂತೆ ತಲೆ ಕೆರೆದುಕೊಂಡ. "ರೋಮನ್ನು ಕೊಂದಿದ್ದು ಹೊರಗಿನ ಶತ್ರುಗಳಲ್ಲ, ತೆರಿಗೆ ಕಟ್ಟದ ಸ್ವಂತ ಸಿರಿವಂತರು, ಹಾನ್ ಸತ್ತಿದ್ದೂ ಅದೇ ಕಾಯಿಲೆಯಿಂದ ಅಂತ ಗೀಚಿದೆ. ಪೂರ್ತಿ ನಿಜಾನೋ ಅಲ್ವೋ, ದೇವರಿಗೇ ಗೊತ್ತು. ವಾಕ್ಯಕ್ಕೆ ಇಪ್ಪತ್ತೆಂಟು ಹಾಕವ್ರೆ! ನಿಮಗೆ ಹೆಂಗೆ ಹೋಯ್ತು ಅಂತೀನಿ."

ಅಣ್ಣ ಮಾತ್ರ ನಂಬಲಿಲ್ಲ. ಕೂಡುವುದರಲ್ಲಿ ತಪ್ಪಾಗಿದೆ ಎಂದು ಅವನ ನಿಶ್ಚಯ. ಉತ್ತರಪತ್ರಿಕೆ ನೋಡಲು ಅರ್ಜಿ ಹಾಕಿಸಿ, ಮೇ ಇಪ್ಪತ್ತಾರರಂದು ತಾನೂ ಜೊತೆಗೆ ಬಂದ. ಕಚೇರಿಯ ಗುಮಾಸ್ತೆ ಪತ್ರಿಕೆಯನ್ನು ಕಿಟಕಿಯಿಂದ ಕೊಟ್ಟು, "ಇಲ್ಲೇ ನಿಂತು ನೋಡಿ, ಹೊರಗೆ ಒಯ್ಯಂಗಿಲ್ಲ" ಎಂದಳು.

ಅಣ್ಣ ಅಂಕಗಳನ್ನು ಮೂರು ಸಲ ಕೂಡಿದ, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ಮತ್ತೆ ಮೇಲಿನಿಂದ ಕೆಳಗೆ. ಪ್ರಬಂಧಕ್ಕೆ ಅರವತ್ತರಲ್ಲಿ ಐವತ್ತೊಂದು. ವಾದವಾಕ್ಯಕ್ಕೆ ನಲವತ್ತರಲ್ಲಿ ನಾಲ್ಕು. ಒಟ್ಟು ಐವತ್ತೈದು. ಕೂಡಿದ್ದು ಸರಿಯಾಗಿತ್ತು.

ಚೌಕದ ಪಕ್ಕದಲ್ಲಿ ಪರೀಕ್ಷಕಿ ಸಣ್ಣ ಅಕ್ಷರದಲ್ಲಿ ಬರೆದಿದ್ದರು: 'ನಿಜ. ಆದರೆ ಇದನ್ನು ಅಲ್ಲ ಎನ್ನುವವರು ಯಾರು? ಯಾರೂ ಎದುರಾಡಲಾರದ ಮಾತಿಗೆ ಸಮರ್ಥನೆಯ ಅಗತ್ಯವೂ ಇಲ್ಲ. ವಾದವಾಕ್ಯ ಎಂದರೆ ಎದುರಾಳಿ ಇರುವ ಮಾತು.'

ಅಣ್ಣ ಅದನ್ನು ಓದಿ ಪುಟ ತಿರುಗಿಸಿದ. ಇನ್ನೊಂದು ತಿರುಗಿಸಿದ. ನಾಲ್ಕನೆಯ ಪುಟದಲ್ಲಿ ಬಟ್ಟಲು ಮತ್ತು ದೀಪದ ಸಾಲುಗಳ ಅಂಚಿಗೆ ಉದ್ದನೆಯ ಗೆರೆ ಎಳೆದು ಅದೇ ಕೈ ಬರೆದಿತ್ತು: 'ಇದೇ ನಿಮ್ಮ ವಾದವಾಗಬೇಕಿತ್ತು. ಮೇಲೆ ಯಾಕೆ ಬರೆಯಲಿಲ್ಲ?'

ಅವಳು ಅಣ್ಣನ ಹೆಬ್ಬೆರಳನ್ನು ನೋಡುತ್ತಿದ್ದಳು. ಅದು ಆ ಪ್ರಶ್ನೆಯ ಕೆಳಗೆ ಬಂದು ನಿಂತಿತ್ತು, ಮುಂದೆ ಸರಿಯಲಿಲ್ಲ.

"ಆಯ್ತಾ ಸಾರ್?" ಎಂದಳು ಗುಮಾಸ್ತೆ.

"ಆಯ್ತಮ್ಮ."

ಹೊರಗಿನ ಮೆಟ್ಟಿಲುಗಳ ಮೇಲೆ ಅವನು ಮೊದಲು ತನ್ನ ಪಟ್ಟನ್ನೇ ಹಿಡಿದ. "ದೀಪ ಇತ್ತಲ್ಲ, ಪುಟ್ಟೀ. ದೀಪ ಇದ್ದದ್ದು ಸುಳ್ಳಲ್ಲ." ನಾಲ್ಕು ಮೆಟ್ಟಿಲು ಇಳಿದ ಮೇಲೆ ಆ ಪಟ್ಟೂ ಸಡಿಲಿತು. "ನಿನಗೇನನ್ನಿಸಿತ್ತು? ನಿಂದೇ ಸರಿ ಅಂತಾನಾ?"

"ಹೂಂ."

"ಅನ್ನಿಸಿದ ಮೇಲೆ ಬರೀಬೇಕಾಗಿತ್ತು. ಪರೀಕ್ಷೆ ಬರೆದದ್ದು ನೀನೋ ನಾನೋ?"

"ನೀನು ಗೀಟು ಹಾಕಿದ್ಯಲ್ಲ ಅಣ್ಣ."

"ನಾನು ಲೆಕ್ಕದವನು ಕಣೇ! ಚರಿತ್ರೆ ನನಗೇನು ಗೊತ್ತು? ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನು ಧಾಡಿ ನಿನಗೆ?"

ಅವನು ಸಿಟ್ಟಿನಿಂದ ಕೂಗಿದ್ದಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ನಲವತ್ತೆರಡು ವರ್ಷ ಬಾಯಿಗೆ ಹಾಕಿಕೊಂಡಿದ್ದ ಬೀಗ ಆ ಕೂಗಿಗೆ ಕಳಚಿ ಬಿತ್ತು.

"ನೀನು ನನಗೋಸ್ಕರ ಓದು ಬಿಟ್ಟವನು. ನಿನ್ನ ಮಾತು ಮೀರೋಕೆ ನನಗೆಲ್ಲಿತ್ತು ಅಣ್ಣ ಹಕ್ಕು? ಹೋಗ್ಲಿ ಬಿಡು. ಇವತ್ತಿಗೆ ಆ ಋಣ ತೀರಿತು. ನಿಂದು ಹೋದ ಹಾಗೆ ನಂದೂ ಹೋಯ್ತು."

ಅಣ್ಣ ಕಂಬಿ ಹಿಡಿದುಕೊಂಡ.

"ನಾನು ಯಾವತ್ತು ಕೇಳಿದ್ದೆ ಅದನ್ನ?"

"ಕೇಳಿರಲಿಲ್ಲ. ಅದಕ್ಕೇ ತೀರಿಸೋಕೆ ಇಷ್ಟು ವರ್ಷ ಹಿಡೀತು."

ಬಸ್ ನಿಲ್ದಾಣದ ತಗಡಿನ ಮಾಡಿನ ಕೆಳಗೆ ಇಬ್ಬರೂ ಹನ್ನೆರಡು ನಿಮಿಷ ನಿಂತರು. ಎದುರಿನ ಅಂಗಡಿಯವನು ಬಾಗಿಲಿಗೆ ನೀರು ಹಾಕಿ ಗುಡಿಸಿದ, ಹಣ್ಣಿನ ಬುಟ್ಟಿಗಳನ್ನು ನೆರಳಿಗೆ ಎಳೆದ. ಹಣ ಬೇಕಾದರೆ ಹೇಳು, ನಮ್ಮ ಮನೆಗೇ ಬಂದು ಇರು ಎಂದು ಅಣ್ಣ ಹೇಳಬಹುದಿತ್ತು. ನಾಳೆ ಅತ್ತಿಗೆಯ ಬಾಯಲ್ಲಿ ಹೇಳಿಸಿಯೂ ಬಿಡುತ್ತಾನೆ. ಆಗ ಬೇಡ ಎನ್ನಬೇಕೆಂದು ಅವಳು ಈಗಲೇ ನಿಶ್ಚಯಿಸಿಕೊಂಡಳು. ಹಾಗೆ ನಿಶ್ಚಯಿಸಿದ ಮೇಲೆ ಜೂನ್ ಮೂವತ್ತರ ಆಚೆಗೆ ಉಳಿದದ್ದು ಏನೂ ಇರಲಿಲ್ಲ.

ಮೊದಲು ಬಂದದ್ದು ಅವಳ ಬಸ್ಸು. ಅವಳು ಮೆಟ್ಟಿಲಿಗೆ ಕಾಲಿಟ್ಟಾಗ ಅಣ್ಣ ಹಿಂದಿನಿಂದ, ತರಗತಿಯಲ್ಲಿ ಎಂದೂ ಕೇಳಿಸಿರದ ಸಣ್ಣ ದನಿಯಲ್ಲಿ, "ಪುಟ್ಟೀ, ನಿಂದು ತೀರಿತು ಅಂತೀಯ. ಈಗ ನಾನು ನಿನಗೆ ಕೊಡಬೇಕಾದ್ದು?" ಎಂದ.

ಅವಳಿಗೆ ಕೇಳಿಸಿತು. ಹಿಂದೆ ನಿಂತ ಜನ ತಳ್ಳುತ್ತಿದ್ದರು. ಅವಳು ಒಳಗೆ ಹೋಗಿ, ಅವನಿಗೆ ಕಾಣದ ಮಗ್ಗುಲಲ್ಲಿ ಸೀಟು ಹಿಡಿದಳು.