ಕಾಗದದ ಹದಿನಾರು

ಶಾಲೆಯ ನರ್ಸ್ ಚೋಟಿಯನ್ನು ಎರಡು ಸಲ ಅಳೆದರು. ಮೊದಲ ಸಲ ಬೂಟು ಬಿಚ್ಚಿಸಿ, ಎರಡನೆಯ ಸಲ ನೆತ್ತಿಯ ಕೂದಲನ್ನು ಸ್ಕೇಲಿನಿಂದ ಒತ್ತಿ ಹಿಡಿದು. ಗೋಡೆಯ ಅಳತೆಪಟ್ಟಿ ಎರಡು ಸಲವೂ ಒಂದೇ ಮಾತು ಹೇಳಿತು: ನೂರ ನಲವತ್ತೆಂಟು ಸೆಂಟಿಮೀಟರ್.

ಅವಳು ಬಂದಿದ್ದು ಅಳತೆಗಲ್ಲ. ಬಾಸ್ಕೆಟ್‌ಬಾಲ್ ಅಂಕಣದಲ್ಲಿ ತನಗಿಂತ ಒಂದಡಿ ಎತ್ತರದ ಹುಡುಗಿಯೊಬ್ಬಳು ಡಿಕ್ಕಿ ಹೊಡೆದಿದ್ದರಿಂದ ಬಿದ್ದು, ಮಂಡಿ ತರಚಿ, ಔಷಧಿ ಹಚ್ಚಿಸಿಕೊಳ್ಳಲು ಬಂದಿದ್ದಳು. ಈ ತಿಂಗಳಲ್ಲಿ ಇದು ಮೂರನೆಯ ಸಲ. ನರ್ಸ್ ಹತ್ತಿ ಅಂಟಿಸಿ, ಕಂಪ್ಯೂಟರಿನಲ್ಲಿ ಹುಟ್ಟಿದ ತಾರೀಕು ನೋಡಿ, ಮತ್ತೆ ಅವಳ ಕಡೆ ತಿರುಗಿದರು. ಪರದೆಯ ಮೇಲೆ ವಯಸ್ಸಿಗೆ ತಕ್ಕ ಎತ್ತರದ ಏಳು ಗೆರೆಗಳು ಬಳ್ಳಿಗಳಂತೆ ಮೇಲಕ್ಕೆ ಹೋಗಿದ್ದವು. ಎಲ್ಲಕ್ಕಿಂತ ಕೆಳಗಿನ ಗೆರೆಗೂ ಕೆಳಗೆ ಒಂದು ಚುಕ್ಕಿ.

"ಆ ಚುಕ್ಕಿ ನೀನು," ಅಂದರು. "ಹದಿನಾರು ವರ್ಷ ಮೂರು ತಿಂಗಳಿಗೆ ಇಷ್ಟು ಎತ್ತರ ಸಾಲದು. ಮನೇಲಿ ಎಲ್ಲರೂ ಗಿಡ್ಡನಾ?"

"ಅಮ್ಮ ಸ್ವಲ್ಪ ಗಿಡ್ಡ."

"ಹೊಟ್ಟೆ ತುಂಬ ಊಟ ಮಾಡ್ತೀಯಾ? ನಿಜ ಹೇಳು, ಬೈಯಲ್ಲ."

"ಮಾಡ್ತೀನಿ."

ಊಟದ ವಿಷಯದಲ್ಲಿ ಚೋಟಿ ನಿಜವನ್ನೇ ಹೇಳಿದ್ದಳು. ಹೇಳದೆ ಉಳಿಸಿಕೊಂಡ ನಿಜ ಬೇರೆ ಇತ್ತು. ಅವಳಿಗೆ ಹದಿನಾರಲ್ಲ, ಹದಿನಾಲ್ಕು ವರ್ಷ ನಾಲ್ಕು ತಿಂಗಳು.

ಈ ವ್ಯತ್ಯಾಸ ಊರಿನಲ್ಲಿ, ಹತ್ತು ವರ್ಷದ ಹಿಂದೆ ಹುಟ್ಟಿದ್ದು. ಅಮ್ಮನಿಗೆ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಮಗುವನ್ನು ನೋಡಿಕೊಳ್ಳುವವರು ಇರಲಿಲ್ಲ. ಒಂದನೇ ಕ್ಲಾಸಿಗೆ ಸೇರಲು ಐದು ವರ್ಷ ಹತ್ತು ತಿಂಗಳು ಆಗಿರಬೇಕೆಂಬ ನಿಯಮ. ಚೋಟಿಗೆ ನಾಲ್ಕು ತುಂಬಲು ಇನ್ನೂ ಒಂದು ತಿಂಗಳಿತ್ತು. ಹೆಡ್‌ಮೇಷ್ಟ್ರು ಮಗುವನ್ನು ಮೇಲಿಂದ ಕೆಳಗೆ ನೋಡಿದರು. ಚೋಟುದ್ದದ ಮಗುವನ್ನು ನೋಡಲು ಬಹಳ ಹೊತ್ತೇನೂ ಬೇಕಾಗಲಿಲ್ಲ. "ಬರ್ಕೊಳ್ಳೋಣ ಬಿಡಿ," ಎಂದು ಬೆರಳಲ್ಲಿ ಎಣಿಸಿ ಒಂದು ತಾರೀಕು ಬರೆದರು. ಆ ವರ್ಷ ಸೇರಿದ ಮೂವತ್ತೊಂದು ಮಕ್ಕಳಲ್ಲಿ ಹತ್ತೊಂಬತ್ತು ಮಕ್ಕಳು ಅದೇ ದಿನ ಹುಟ್ಟಿದವರು. ಯಾರಿಗೂ ಅದು ಸುಳ್ಳು ಅನ್ನಿಸಲಿಲ್ಲ. ಶಾಲೆಯ ವಯಸ್ಸು ಬೇರೆ, ಮನೆಯ ವಯಸ್ಸು ಬೇರೆ. ಶಾಲೆಯ ಚಪ್ಪಲಿ ಬೇರೆ, ಮನೆಯ ಚಪ್ಪಲಿ ಬೇರೆ ಇದ್ದ ಹಾಗೆ.

ಬರೆಯಲು ಬೆರಳು ಬಲಿಯದೆ ಚೋಟಿ ಒಂದನೇ ಕ್ಲಾಸಿನಲ್ಲೇ ಎರಡು ವರ್ಷ ಕೂತಳು. ಮೊದಲೇ ಈ ದೇಶಕ್ಕೆ ಬಂದಿದ್ದ ಅಪ್ಪನನ್ನು ಸೇರಲು ವೀಸಾ ಕಾಯುತ್ತ, ಶಾಲೆಯಿಲ್ಲದೆ, ಇನ್ನೊಂದು ವರ್ಷ ಹೋಯಿತು. ಹೀಗೆ ಎಂಟನೇ ಕ್ಲಾಸು ಮುಗಿಸಿ ವಿಮಾನ ಹತ್ತುವಾಗ ಮನೆಯ ವಯಸ್ಸಿಗೂ ಕ್ಲಾಸಿಗೂ ಲೆಕ್ಕ ತಾನಾಗಿಯೇ ಸರಿಹೋಗಿತ್ತು. ಆದರೆ ಇಲ್ಲಿ ಕ್ಲಾಸು ಕೊಡುವುದು ವಯಸ್ಸು ನೋಡಿ. ಆಫೀಸಿನ ಹೆಂಗಸು ಪಾಸ್‌ಪೋರ್ಟ್ ತೆರೆದು ನೋಡಿ, ಹನ್ನೊಂದು ಅಂದಳು.

"ಒಂಬತ್ತಕ್ಕೆ ಹಾಕೋಕಾಗಲ್ವಾ?" ಎಂದು ಚೋಟಿ ಕೇಳಿದ್ದಳು. ಇಲ್ಲಿಯ ಭಾಷೆ ಊರಿನ ಶಾಲೆಯಲ್ಲಿ ಐದನೇ ಕ್ಲಾಸಿನಿಂದ ಒಂದು ವಿಷಯವಾಗಿತ್ತು. ಅಷ್ಟು ಕೇಳಲು ಸಾಕಾಗುವಷ್ಟು ಬರುತ್ತಿತ್ತು.

"ಹದಿನಾರರವರನ್ನ ಹದಿನಾಲ್ಕರವರ ಜೊತೆ ಕೂರಿಸೋ ಹಾಗಿಲ್ಲಮ್ಮ," ಅಂದಳು ಆಫೀಸಿನ ಹೆಂಗಸು. "ಆ ಚಿಕ್ಕ ಮಕ್ಕಳ ಕ್ಷೇಮ ನಾವು ನೋಡ್ಬೇಕಲ್ವಾ?"

ಅಲ್ಲಿಂದ ನಾಲ್ಕು ತಿಂಗಳು. ಹನ್ನೊಂದನೇ ಕ್ಲಾಸಿನ ಹುಡುಗರು ಡ್ರೈವಿಂಗ್ ಪರೀಕ್ಷೆಯ ಮಾತಾಡುತ್ತಿದ್ದರು, ಹುಡುಗಿಯರು ಶನಿವಾರದ ಕೆಲಸದ ಮಾತಾಡುತ್ತಿದ್ದರು. ರಸಾಯನಶಾಸ್ತ್ರದ ಮೇಷ್ಟ್ರು ಒಂಬತ್ತರಲ್ಲಿ ಕಲಿತದ್ದನ್ನು ನೆನಪಿಸಿಕೊಳ್ಳಿ ಎನ್ನುತ್ತ ಬೋರ್ಡು ತುಂಬ ಬರೆಯುತ್ತಿದ್ದರು. ಕಲಿಯದ್ದನ್ನು ನೆನಪಿಸಿಕೊಳ್ಳುವುದು ಹೇಗೆ ಎಂದು ತಿಳಿಯದೆ ಚೋಟಿ ಬೋರ್ಡಿನಲ್ಲಿದ್ದುದನ್ನು ಚಿತ್ರ ಬಿಡಿಸಿದ ಹಾಗೆ ನಕಲು ಮಾಡಿಕೊಳ್ಳುತ್ತಿದ್ದಳು. ಅವಳ ಕಿಟಕಿಗೆ ಎದುರಾಗಿ, ಅಂಗಳದಾಚೆ, ಒಂದು ಮಹಡಿ ಕೆಳಗೆ ಒಂಬತ್ತನೇ ಕ್ಲಾಸು. ಅಲ್ಲಿಯ ಬೋರ್ಡಿನ ಮೇಲೆ ಒಂದು ದಿನ ಎಲೆಯ ಅಡ್ಡಸೀಳಿನ ಚಿತ್ರವಿತ್ತು. ಅದರ ಭಾಗಗಳ ಹೆಸರೆಲ್ಲ ಅವಳಿಗೆ ಬಾಯಿಪಾಠ. ಕೇಳುವವರು ಮಾತ್ರ ಅಂಗಳದಾಚೆ.

ಬಂದ ಒಂದೇ ತಿಂಗಳಿಗೆ ಇನ್ನೊಂದು ಎಡವಟ್ಟಾಗಿತ್ತು. ಬೆಳಗ್ಗೆ ಕ್ಲಾಸಿಗೆ ಕಾಲಿಟ್ಟರೆ ಎಲ್ಲರೂ ಎದ್ದು ನಿಂತು ಹುಟ್ಟುಹಬ್ಬದ ಹಾಡು ಶುರುಮಾಡಿದರು. ಚೋಟಿಯೂ ಚಪ್ಪಾಳೆ ತಟ್ಟಿದಳು, ಯಾರದಿರಬಹುದು ಎಂದು ಹಿಂದೆ ತಿರುಗಿ ನೋಡಿದಳು. ಹಿಂದೆ ಬಾಗಿಲು ಮಾತ್ರ ಇತ್ತು. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಪಕ್ಕದ ಸೀಟಿನ ಹುಡುಗಿ ಮಾತ್ರ ನಗದೆ, "ನಿನ್ನ ಹುಟ್ಟಿದ ದಿನ ನಿಂಗೇ ಮರ್ತುಹೋಗುತ್ತಾ?" ಎಂದು ಕೇಳಿದ್ದಳು. ಅಂದಿನಿಂದ ಆ ಹುಡುಗಿಯ ಜೊತೆ ಚೋಟಿ ಮಾತು ಕಡಿಮೆ ಮಾಡಿದ್ದಳು.

ನರ್ಸ್ ಕೊಟ್ಟ ಪತ್ರವನ್ನು ಚೋಟಿ ಸಂಜೆ ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದಳು. ಅಪ್ಪ ಆಗ ತಾನೆ ಬಂದು ತೋಳಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದ. ಹೋಟೆಲು, ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಒದ್ದೆ ಚಾದರಗಳನ್ನು ಇಸ್ತ್ರಿ ಯಂತ್ರದ ಬಿಸಿ ಉರುಳೆಗೆ ಕೊಡುವುದು ಅವನ ಕೆಲಸ. ಮುಂಗೈಯಲ್ಲಿ ಸುಟ್ಟ ಗೆರೆಗಳು ಏಣಿಯ ಮೆಟ್ಟಿಲಿನಂತಿದ್ದವು. ಅದೇ ಲಾಂಡ್ರಿಯಲ್ಲಿ ಹರಿದ ಚಾದರಗಳಿಗೆ ತೇಪೆ ಹಾಕುವ ಅಮ್ಮ ಒಲೆಯ ಮುಂದೆ ನಿಂತಿದ್ದಳು.

"ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೀಬೇಕಂತೆ," ಎಂದು ಚೋಟಿ ಓದಿ ಹೇಳಿದಳು. "ಬರೋ ತಿಂಗಳು ಹನ್ನೆರಡಕ್ಕೆ. ದೊಡ್ಡಾಸ್ಪತ್ರೆ."

"ಬಿದ್ದಿದ್ದು ಮಂಡಿ, ಕೈ ಯಾಕೆ?" ಅಂದ ಅಪ್ಪ.

"ಕೈ ಮೂಳೆ ನೋಡಿದ್ರೆ ವಯಸ್ಸು ಗೊತ್ತಾಗುತ್ತಂತೆ. ಎಷ್ಟು ಬೆಳೆದಿದೀನಿ ಅಂತ."

ಅಪ್ಪನ ಬೆರಳು ಮುಲಾಮಿನ ಡಬ್ಬಿಯಲ್ಲೇ ನಿಂತಿತು. ಅಮ್ಮ ಒಲೆ ಆರಿಸಿದಳು.

"ಹೋಗೋದು ಬೇಡ," ಅಂದ ಅಪ್ಪ.

"ಬೇಡ ಅಂದ್ರೆ ಮಕ್ಕಳ ರಕ್ಷಣೆಯವರು ಮನೆಗೆ ಬರ್ತಾರಂತೆ. ಕೊನೇಲಿ ಬರೆದಿದಾರೆ."

"ಮೇಷ್ಟ್ರು ಮಾಡಿದ ಕೆಲಸ ನೋಡು," ಎಂದು ಅಪ್ಪ ಅಮ್ಮನ ಕಡೆ ತಿರುಗಿದ.

"ಮೇಷ್ಟ್ರೇನು ಕನಸು ಕಂಡು ಬರೆದ್ರಾ? ಎದುರಿಗೆ ನಿಂತು ಬರೆಸಿದ್ದು ನೀವು."

"ಕೆಲಸಕ್ಕೆ ಹೋಗ್ಲೇಬೇಕು ಅಂದಿದ್ದು ಯಾರು?"

"ಮನೇಲಿ ಕೂತಿದ್ರೆ ಹೊಟ್ಟೆಗೆ ಏನು ಚಾದರ ತಿಂತಿದ್ವಾ?"

ಚೋಟಿ ಪತ್ರವನ್ನು ಮಡಚಿದಳು. ಅಪ್ಪನ ಭಯ ಯಾವುದೆಂದು ಅವಳಿಗೆ ಗೊತ್ತಿತ್ತು; ಅದನ್ನು ಅನುವಾದಿಸಿ ಹೇಳಿದವಳು ಅವಳೇ. ಮೂವರ ವಾಸದ ಪರ್ಮಿಟ್ ನಾಲ್ಕು ತಿಂಗಳಲ್ಲಿ ನವೀಕರಣಕ್ಕೆ ಬರುತ್ತಿತ್ತು. ಹನ್ನೊಂದು ಪುಟದ ಅರ್ಜಿ. ಒಂದೊಂದು ಪುಟದ ಅಡಿಯಲ್ಲೂ ಒಂದೇ ಸಾಲು: ಇದರಲ್ಲಿರುವ ಯಾವ ವಿವರ ಸುಳ್ಳೆಂದು ಕಂಡುಬಂದರೂ ಕುಟುಂಬದ ಎಲ್ಲರ ಪರ್ಮಿಟ್ ರದ್ದು. ಆ ಸಾಲಿನ ಕೆಳಗೆ ಅಪ್ಪ ಹನ್ನೊಂದು ಸಲ ಸಹಿ ಹಾಕಿದ್ದ.

"ಬಾಯಿ ಮುಚ್ಕೊಂಡಿರು ಅಂದ್ರೆ ಇರ್ತಾಳೆ," ಅಂದ ಅಪ್ಪ ಕೊನೆಗೆ. "ಮೂಳೆಗೆ ಹೇಗೆ ಹೇಳೋದು?"

ಹನ್ನೆರಡನೇ ತಾರೀಕು ಬೆಳಗ್ಗೆ ಅಪ್ಪ ಬೂಟಿನ ಲೇಸು ಕಟ್ಟುತ್ತಿದ್ದಾಗ ಅಮ್ಮ ಚೋಟಿಯನ್ನು ಸ್ನಾನದ ಮನೆಗೆ ಕರೆದು ಬಾಗಿಲು ಹಾಕಿಕೊಂಡಳು. ಕೈಯಲ್ಲಿ ಗುಂಡಿಗಳ ಡಬ್ಬಿ ಇತ್ತು. ಗುಂಡಿಗಳ ಅಡಿಯಿಂದ, ಮೂರು ಮಡಿಕೆಯಾಗಿದ್ದ ಗುಲಾಬಿ ಬಣ್ಣದ ಕಾರ್ಡೊಂದನ್ನು ತೆಗೆದಳು. ಚೋಟಿಯ ಚುಚ್ಚುಮದ್ದಿನ ಕಾರ್ಡು. ಹುಟ್ಟಿದ ದಿನ, ಹೊತ್ತು, ತೂಕ ಎರಡು ಕಿಲೋ ಮುನ್ನೂರು ಗ್ರಾಂ, ಆಸ್ಪತ್ರೆಯ ಸೀಲು.

"ಇದನ್ನ ಸುಟ್ಟೆ ಅಂತ ಅಪ್ಪಂಗೆ ಹೇಳಿದೀನಿ," ಅಂದಳು ಅಮ್ಮ. "ನೀನಿಟ್ಕೋ. ಕೊಡ್ಬೇಕು ಅನ್ಸಿದ್ರೆ ಕೊಡು. ಬೇಡ ಅನ್ಸಿದ್ರೆ ಬೇಡ."

"ನೀನೇ ಹೇಳು."

"ನಂಗೆ ಹೇಳೋಕೆ ಬಾಯಿ ಬರಲ್ಲ ಮಗಾ. ಕ್ಲಾಸಲ್ಲಿ ಕೂತು ಒದ್ದಾಡ್ತಿರೋಳು ನೀನು."

ಅಮ್ಮ ತಲೆ ಸವರಿ ಬಾಗಿಲು ತೆಗೆದಳು. ಚೋಟಿ ಕಾರ್ಡನ್ನು ಬ್ಯಾಗಿನ ಒಳಜೇಬಿಗೆ ಹಾಕಿ ಜಿಪ್ ಎಳೆದಳು. ಬಸ್ಸಿನಲ್ಲಿ ಅಪ್ಪನ ಪಕ್ಕ ಕೂತಾಗ ಆ ಬ್ಯಾಗು ತೊಡೆಯ ಮೇಲೆ ಕಲ್ಲಿನ ಹಾಗಿತ್ತು.

ಎಕ್ಸ್‌ರೇಗೆ ಐದು ನಿಮಿಷ ಹಿಡಿಯಲಿಲ್ಲ. ಬೆರಳು ಅಗಲಿಸಿ ಕೈಯನ್ನು ತಣ್ಣನೆಯ ಹಲಗೆಯ ಮೇಲಿಡಬೇಕಿತ್ತು, ಅಷ್ಟೇ. ಆಮೇಲೆ ಐವತ್ತು ನಿಮಿಷ ಹೊರಗೆ ಬೆಂಚಿನ ಮೇಲೆ. ಅಪ್ಪ ಅಲ್ಲಿಯ ಪರದೆ, ಮಂಚದ ಚಾದರಗಳನ್ನು ನೋಡುತ್ತ, "ಇವು ನಮ್ಮಲ್ಲಿಗೇ ಬರೋವು. ಆ ಮೂಲೆ ಮಡಿಕೆ ನಂದೇ," ಎಂದು ಮೆಲ್ಲಗೆ ಹೇಳಿದ. ಎರಡೂ ಅಂಗೈಗಳನ್ನು ತೊಡೆಯಡಿ ಇಟ್ಟುಕೊಂಡಿದ್ದ.

ಡಾಕ್ಟರ್ ಚಿಕ್ಕ ವಯಸ್ಸಿನ, ನಗುಮುಖದ ಹೆಂಗಸು. ಅಪ್ಪನಿಗೆ ಫೋನಿನಲ್ಲಿ ದುಭಾಷಿ ಸಿಗಲು ಒಂದೂವರೆ ಗಂಟೆಯಾಗುತ್ತದೆ ಎಂದು ತಿಳಿದು, "ಸದ್ಯಕ್ಕೆ ನಾವಿಬ್ಬರೇ ಮಾತಾಡೋಣ, ಅಪ್ಪನಿಗೆ ನೀನು ಹೇಳು," ಅಂದರು. ಪರದೆಯ ಮೇಲೆ ಚೋಟಿಯ ಕೈ ಬೆಳ್ಳಗೆ ತೆರೆದುಕೊಂಡಿತ್ತು. ಮೂಳೆಗಳ ತುದಿಯಲ್ಲಿ ಕೂದಲೆಳೆಯಷ್ಟು ಕಪ್ಪು ಸಂದುಗಳಿದ್ದವು.

"ಈ ಸಂದುಗಳು ಹದಿನಾರಕ್ಕೆ ಹೆಚ್ಚುಕಡಿಮೆ ಮುಚ್ಚಿರ್ಬೇಕು. ನಿಂದು ತೆರೆದೇ ಇದಾವೆ. ನಿನ್ನ ಮೂಳೆಗೆ ಹದಿನಾಲ್ಕು, ಹದಿನಾಲ್ಕೂವರೆ." ಅವರು ಕಾಗದಗಳನ್ನು ತಿರುವಿದರು. "ಒಂದು ವಿಷಯ ಎಲ್ಲರನ್ನೂ ಕೇಳ್ತೀನಿ, ಬೇಜಾರಾಗ್ಬೇಡ. ಈ ಹುಟ್ಟಿದ ತಾರೀಕು ಸರಿ ಇದೆಯಾ?"

ಅಪ್ಪನಿಗೆ ಮಾತು ಅರ್ಥವಾಗದಿದ್ದರೂ, ಡಾಕ್ಟರ ಬೆರಳು ಪಾಸ್‌ಪೋರ್ಟಿನ ಪ್ರತಿಯ ಮೇಲೆ ಎಲ್ಲಿ ನಿಂತಿದೆ ಎಂಬುದು ಅರ್ಥವಾಯಿತು. ಅವನು ಮಗಳ ಕಡೆ ನೋಡಲಿಲ್ಲ. ಕಿಟಕಿಯ ಪರದೆಯ ಮಡಿಕೆಗಳನ್ನು ಎಣಿಸುವವನಂತೆ ಕೂತಿದ್ದ.

ಬ್ಯಾಗು ಚೋಟಿಯ ತೊಡೆಯ ಮೇಲಿತ್ತು. ಜಿಪ್ ಎಳೆದರೆ ಒಂದು ಕ್ಷಣದ ಕೆಲಸ. ಅಂಗಳದಾಚೆಯ ಕ್ಲಾಸು, ಎಲೆಯ ಚಿತ್ರ, ತನ್ನಷ್ಟೇ ಎತ್ತರದ ಹುಡುಗಿಯರು. ಅದರ ಹಿಂದೆಯೇ ಹನ್ನೊಂದು ಸಹಿ.

"ಸರಿ ಇದೆ," ಅಂದಳು.

"ಖಂಡಿತ?"

"ಖಂಡಿತ."

ಡಾಕ್ಟರ್ ತಲೆಯಾಡಿಸಿ ಬರೆದುಕೊಂಡರು. ಅನುಮಾನ ಪಡುವ ಹೆಂಗಸಾಗಿದ್ದರೆ ಚೋಟಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಅವರು ಪೂರ್ತಿ ನಂಬಿದರು. "ಹಾಗಾದ್ರೆ ಒಳ್ಳೇ ಸುದ್ದಿನೇ. ಕೆಲವರ ದೇಹ ನಿಧಾನ. ನಿಂದು ಎರಡು ವರ್ಷ ಹಿಂದಿದೆ, ಇನ್ನೂ ಬೆಳೀತೀಯ. ಮಾತ್ರೆ ಬೇಡ. ಆರು ತಿಂಗಳಿಗೊಮ್ಮೆ ಬಾ, ಹದಿನೆಂಟಾಗೋವರೆಗೆ. ಆಟದ ಪಿರಿಯಡ್ಡಲ್ಲಿ ಮಾತ್ರ ದೊಡ್ಡವರ ಜೊತೆ ಬೇಡ. ಮೂಳೆ ಎಳೇದು. ಒಂಬತ್ತನೇ ಕ್ಲಾಸಿನವರ ಜೊತೆ ಆಡಿಸಿ ಅಂತ ಶಾಲೆಗೆ ಬರೀತೀನಿ."

ಬಸ್‌ಸ್ಟಾಪಿನಲ್ಲಿ ಅಪ್ಪ ಕೇಳಿದ: "ಏನಂದ್ರು?"

"ನಾನು ಎರಡು ವರ್ಷ ಹಿಂದಿದೀನಂತೆ. ಮೂಳೆ ಇನ್ನೂ ಎಳೇದಂತೆ. ಕಾಯಿಲೆ ಅಲ್ವಂತೆ."

ಅಪ್ಪ ಎರಡು ಹೆಜ್ಜೆ ಹೋದವನು ನಿಂತು ನಗತೊಡಗಿದ. ಈ ದೇಶಕ್ಕೆ ಬಂದ ಮೇಲೆ ಅವನು ಹಾಗೆ ನಕ್ಕಿದ್ದನ್ನು ಅವಳು ನೋಡಿರಲಿಲ್ಲ. "ಯಂತ್ರ ಸರಿಯಾಗೇ ಹೇಳ್ತು, ಡಾಕ್ಟ್ರೇ ನಂಬಲಿಲ್ಲ ನೋಡು. ಪಾಸ್‌ಪೋರ್ಟ್ ಮುಂದೆ ಮೂಳೆ ಯಾವ ಲೆಕ್ಕ." ಆಮೇಲೆ ನಗು ನಿಂತಿತು. ಅವಳ ಬ್ಯಾಗನ್ನು ತಾನು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ. "ಭಾರ ಹೊರಬೇಡ ನೀನು. ಮೂಳೆ ಎಳೇದು," ಅಂದ. ಅದರೊಳಗೆ ಏನಿದೆಯೆಂದು ಅವನಿಗೆ ತಿಳಿದಿರಲಿಲ್ಲ.

ಸಂಜೆ ಅಮ್ಮ ಕೇಳುವ ಮೊದಲೇ ಚೋಟಿ ಕಾರ್ಡನ್ನು ವಾಪಸ್ಸು ಕೊಟ್ಟಳು. ಅಮ್ಮ ಅದನ್ನು ಮೂರು ಮಡಿಕೆ ಮಾಡಿ ಗುಂಡಿಗಳ ಅಡಿಗೆ ಸೇರಿಸಿ, ಮುಚ್ಚಳ ಒತ್ತಿದಳು. "ನಾನಿರೋವರೆಗೆ ಇದು ಎಲ್ಲಿಗೂ ಹೋಗಲ್ಲ," ಅಂದಳು. ಅದು ಧೈರ್ಯ ಹೇಳಿದ ಮಾತು. ಚೋಟಿಗೆ ಅದು, ಕಾರ್ಡು ಈ ಡಬ್ಬಿಯಿಂದ ಹೊರಗೇ ಬರುವುದಿಲ್ಲ ಎಂದ ಹಾಗೆ ಕೇಳಿಸಿತು.

ಡಾಕ್ಟರ ಪತ್ರ ಕೆಲಸ ಮಾಡಿತು. ಮುಂದಿನ ವಾರದಿಂದ ಮಂಗಳವಾರ, ಶುಕ್ರವಾರ, ನಲವತ್ತೈದು ನಿಮಿಷ, ಚೋಟಿ ಒಂಬತ್ತನೇ ಕ್ಲಾಸಿನವರ ಜೊತೆ ಅಂಕಣಕ್ಕಿಳಿದಳು. ಮೊದಲ ದಿನ ಯಾರೂ ಡಿಕ್ಕಿ ಹೊಡೆದು ಬೀಳಿಸಲಿಲ್ಲ. ಅವಳೇ ಒಬ್ಬಳನ್ನು ಬೀಳಿಸಿದಳು. ಹಲ್ಲಿಗೆ ತಂತಿ ಕಟ್ಟಿಸಿಕೊಂಡಿದ್ದ ಆ ಹುಡುಗಿ ಎದ್ದು ಧೂಳು ಕೊಡವಿಕೊಂಡು, ಬೆನ್ನಿಗೆ ಬೆನ್ನು ಹಚ್ಚಿ ನಿಂತು ಎತ್ತರ ನೋಡಿದಳು. ಇಬ್ಬರೂ ಸಮ.

"ಹೊಸಬಳಾ? ಎಷ್ಟು ವಯಸ್ಸು ನಿಂಗೆ?"

"ಹದಿನಾರು."

ತಂತಿಯ ಹುಡುಗಿ ನಕ್ಕಳು. "ಸಾಕು ಬಿಡೇ. ರೀಲು ಬಿಡೋಕೆ ಬೇರೆ ಯಾರೂ ಸಿಗ್ಲಿಲ್ವಾ?"

ಇಷ್ಟು ತಿಂಗಳಲ್ಲಿ ಚೋಟಿಯ ಮುಖ ನೋಡಿ ಕಾಗದವನ್ನು ನಂಬದೆ ಇದ್ದವಳು ಇವಳೊಬ್ಬಳೇ. ಹೌದು ಕಣೇ, ಸುಳ್ಳು, ಎಂದುಬಿಡುವಷ್ಟು ಹತ್ತಿರದಲ್ಲಿ ಆ ಹುಡುಗಿಯ ಬೆವರಿದ ಮುಖವಿತ್ತು.

"ನಿಜವಾಗ್ಲೂ ಹದಿನಾರು," ಅಂದಳು ಚೋಟಿ. "ಬೇಕಾದ್ರೆ ಆಫೀಸಲ್ಲಿ ಕೇಳು."

"ನಾನ್ಯಾಕೆ ಕೇಳ್ಲಿ? ನೋಡಿದ್ರೆ ಗೊತ್ತಾಗಲ್ವಾ?" ಎಂದು ಹುಡುಗಿ ಚೆಂಡನ್ನು ಅವಳತ್ತ ಎಸೆದಳು.

ಗಂಟೆ ಹೊಡೆಯುವ ತನಕ ಆಡಿದರು. ಆಮೇಲೆ ಒಂಬತ್ತನೇ ಕ್ಲಾಸಿನವರು ಗಲಾಟೆ ಮಾಡುತ್ತ ಕೆಳಗಿನ ಕಾರಿಡಾರಿಗೆ ನುಗ್ಗಿದರು. ತಂತಿಯ ಹುಡುಗಿ ತಿರುಗಿ ನಿಂತು, ಬಾ ಎಂದು ಕೈ ಬೀಸಿದಳು. ಚೋಟಿ ನಲ್ಲಿಗೆ ಬಾಯಿ ಕೊಟ್ಟು, ಬಾಯಾರಿಕೆ ತೀರಿದ ಮೇಲೂ ನೀರು ಕುಡಿಯುತ್ತಿದ್ದಳು. ಕಾರಿಡಾರು ಖಾಲಿಯಾದ ಮೇಲೆ ತುಟಿ ಒರೆಸಿಕೊಂಡು ಮೆಟ್ಟಿಲು ಹತ್ತಿದಳು. ಮುಂದಿನ ಪಿರಿಯಡ್ ರಸಾಯನಶಾಸ್ತ್ರ.