ಜಡೆಯ ಅಳತೆ

ಎತ್ತರ ಜಿಗಿತದ ಅಡ್ಡಪಟ್ಟಿ ಎರಡನೇ ಸಲವೂ ಬಿತ್ತು. ಸಿಂಧೂರ ಮ್ಯಾಟಿನ ಮೇಲೆ ಮಲಗಿಕೊಂಡೇ ಅದನ್ನು ನೋಡಿದಳು. ಹೆಗಲು, ಸೊಂಟ, ಹಿಮ್ಮಡಿ ಎಲ್ಲವೂ ದಾಟಿದ್ದವು. ಬೆನ್ನಡಿ ಇಳಿಬಿದ್ದ ಜಡೆ ಮಾತ್ರ ದಾಟಿರಲಿಲ್ಲ.

"ಅರೇ, ಚೋಟಿ ಬಾಂಧ್ ಲೇ!" ಕೋಚ್ ಕೂಗಿದರು. ಜಡೆ ಸುತ್ತಿ ತುರುಬು ಕಟ್ಟಲು ಒಂದು ನಿಮಿಷ ಸಾಕು. ಉಳಿದಿರುವುದು ಒಂದೇ ಜಿಗಿತ. ತಪ್ಪಿದರೆ ವಿಶ್ವವಿದ್ಯಾಲಯದ ತಂಡದಲ್ಲಿ ಜಾಗವಿಲ್ಲ. ಅವಳು ಬೇಲಿಯ ಕಡೆ ನೋಡಿದಳು. ಅಲ್ಲಿ ಅಪ್ಪ ಬಸವಲಿಂಗಪ್ಪ, ಪಕ್ಕದಲ್ಲಿ ಮಾನ್ಯಾ, ಅವಳ ಜೊತೆ ಬಂದ ಫೋಟೋಗ್ರಾಫರ್.

ಮಾನ್ಯಾ ನೋಯ್ಡಾದ ಕೇಶತೈಲದ ಕಂಪನಿಯವಳು; ಹುಟ್ಟೂರು ತುಮಕೂರು. ರಾಜಧಾನಿಯ ಕನ್ನಡಿಗರ ರಾಜ್ಯೋತ್ಸವದ ದಿನ ಸಿಂಧೂರಳ ಜಡೆ ನೋಡಿ ಬೆನ್ನು ಹತ್ತಿದ್ದಳು. ಹುಡುಗಿಗೆ ಹದಿನೆಂಟು ತುಂಬಿದ ಮಾರನೇ ದಿನ ಸರೋಜಿನಿ ನಗರದ ಕ್ವಾರ್ಟರ್ಸಿಗೆ ಕೇಕನ್ನೂ ಹದಿನಾಲ್ಕು ಪುಟಗಳ ಜಾಹೀರಾತಿನ ಕರಾರನ್ನೂ ತಂದಳು. ಇಪ್ಪತ್ತು ವರ್ಷ ಸರ್ಕಾರಿ ಕಡತಗಳನ್ನು ಅಲ್ಪವಿರಾಮವೂ ಬಿಡದೆ ಓದಿದ್ದ ಬಸವಲಿಂಗಪ್ಪ ಅವತ್ತು ಕನ್ನಡಕವನ್ನೇ ಹಾಕಲಿಲ್ಲ.

"ನಮ್ಮ ತುಮಕೂರಿನ ಹುಡುಗಿ ತಂದಿರೋದು. ಓದೋದೇನಮ್ಮ, ಹಾಕು ಸೈನು," ಎಂದು ಮಗಳಿಗೆ ಹೇಳಿದರು.

ನಿನ್ನೆ ವಸಂತ್ ಕುಂಜ್‌ನಲ್ಲಿ ವಕೀಲ ಸುದರ್ಶನ್ ಅದನ್ನು ಓದಿದರು. "ಮೂರು ವರ್ಷ ಕೂದಲಿಗೆ ಕತ್ತರಿ ತಾಗಿಸೋ ಹಾಗಿಲ್ಲ, ತಿಂಗಳಿಗೊಮ್ಮೆ ಜಡೆ ಅಳತೆ ಕೊಡಬೇಕು. ಸ್ಪರ್ಧೇಲಿ ಜಡೆ ಇಳಿಬಿಟ್ಟೇ ಇರಬೇಕು. ತಪ್ಪಿದ್ರೆ ಕೊಟ್ಟಿದ್ದರ ಹತ್ತು ಪಟ್ಟು ವಾಪಸ್. ಅವರು ಯಾವಾಗ ಬೇಕಾದ್ರೂ ಬಿಡಬಹುದು, ನೀವು ಬಿಡೋ ಹಾಗಿಲ್ಲ."

"ಅವಳಿನ್ನೂ ಮಗು ಸಾರ್."

"ಎರಡು ದಿನ ಮೊದಲು ಸೈನ್ ಮಾಡಿದ್ರೆ ಮಗು ಆಗಿರ್ತಿದ್ಲು, ಬಸವಲಿಂಗಪ್ಪನವರೇ. ಆಗ ಈ ಕಾಗದ ಕೋರ್ಟಲ್ಲಿ ನಿಲ್ತಾನೇ ಇರಲಿಲ್ಲ."

ಈಗ ಸಿಂಧೂರ ಬೇಲಿಯ ಹತ್ತಿರ ಬಂದಳು. "ಅಪ್ಪಾ, ಕಟ್ಕೊಳ್ಲಾ? ಬಸ್, ಏಕ್ ಬಾರ್. ಒಂದೇ ಒಂದ್ಸಲ."

ಬಸವಲಿಂಗಪ್ಪ ಮಾನ್ಯಾಳ ಮುಖ ನೋಡಿದರು. ಅವಳು ಸ್ವರ ತಗ್ಗಿಸಿದಳು. "ಈ ಫೋಟೋಗ್ರಾಫರ್‌ನನ್ನ ನಮ್ಮ ಬಾಸೇ ಕಳಿಸಿರೋದು ಅಂಕಲ್. ನನ್ನ ಕೈಲೇನಿದೆ ಹೇಳಿ?"

"ಇನ್ನೊಂಚೂರು ಮೇಲೆ ಹಾರಮ್ಮ," ಎಂದರು ಬಸವಲಿಂಗಪ್ಪ.

"ಹಾರ್ತಾ ಇದೀನಲ್ಲಪ್ಪಾ."

ಅವಳು ಓಡಿದಳು. ತಿರುವಿನಲ್ಲಿ ಜಡೆ ಅಗಲಕ್ಕೆ ಬೀಸಿತು. ಮೈ ಗಾಳಿಯಲ್ಲಿ ಬಿಲ್ಲಾಗಿ ಆಚೆ ಇಳಿಯಿತು. ಪಟ್ಟಿ ಒಂದು ಕ್ಷಣ ನಡುಗಿ, ನಿಂತಂತೆ ಕಂಡು, ಬಿತ್ತು.

"ಕ್ಯಾ ಶಾಟ್ ಹೈ!" ಎಂದ ಫೋಟೋಗ್ರಾಫರ್, ಕ್ಯಾಮೆರಾದಲ್ಲಿ ಮೂಡಿದ ಚಿತ್ರ ನೋಡುತ್ತ.

ಮುಂದಿನ ಹುಡುಗಿಗಾಗಿ ಪಟ್ಟಿಯನ್ನು ಮತ್ತೆ ಏರಿಸಿದರು. ಮಾನ್ಯಾ ಬಂದು ಸಿಂಧೂರಳ ಹೆಗಲ ಮೇಲೆ ಕೈಯಿಟ್ಟಳು. ಆಮೇಲೆ ಚೀಲದಿಂದ ಅಳತೆಯ ಟೇಪು ತೆಗೆದಳು. "ಈ ತಿಂಗಳ ಅಳತೆ ಇಲ್ಲೇ ಮುಗಿಸಿಬಿಡೋಣ ಕಣೇ. ಮತ್ತೆ ನೋಯ್ಡಾದಿಂದ ಬರೋದು ತಪ್ಪುತ್ತೆ."

ಸಿಂಧೂರ ಬೆನ್ನು ತಿರುಗಿಸಿ ನೆಟ್ಟಗೆ ನಿಂತಳು. ಮಾನ್ಯಾ ನೆತ್ತಿಯ ಬಳಿ ಟೇಪು ಒತ್ತಿ ಹಿಡಿದಳು. ಕೆಳಗಿನ ತುದಿಗೆ ಅವಳ ಕೈ ಎಟುಕಲಿಲ್ಲ.

ಹಿಂದೆಯೇ ಬಂದ ಬಸವಲಿಂಗಪ್ಪ ಹುಲ್ಲಿನ ಮೇಲೆ ಮಂಡಿಯೂರಿದರು. ಜಡೆಯ ತುದಿಯನ್ನು ಬೆರಳಲ್ಲಿ ಹಿಡಿದು, ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಅಂಕಿಯನ್ನು ಓದಿದರು.